ಲೋಟದ ತಳ ನೇರ ಗೆರೆ ಅಲ್ಲ

ಫಸ್ಟ್ ಇಯರ್‌ನಲ್ಲಿ ಒಂದು ದಿನ ಗ್ರಾಫಿಕ್ಸ್ ಲ್ಯಾಬಿಗೆ ಹೋದಾಗ ಕರೆಂಟ್ ಇರಲಿಲ್ಲ. ಸಾಫ್ಟ್‌ವೇರ್ ತೆರೆಯೋ ಹಾಗಿಲ್ಲ, ಹಾಗಂತ ಕ್ಲಾಸ್ ಬಿಡೋ ಹಾಗೂ ಇಲ್ಲ. ಸರ್ ಕ್ಯಾಂಟೀನಿನಿಂದ ಒಂದು ಸ್ಟೀಲ್ ಲೋಟ ತರಿಸಿ ಮುಂದಿನ ಟೇಬಲ್ ಮೇಲಿಟ್ಟರು. "ಹತ್ತು ನಿಮಿಷ. ಸ್ಕೇಲ್ ಮುಟ್ಟಬೇಡಿ. ಕಾಣಿಸಿದ್ದನ್ನು ಕಾಣಿಸಿದ ಹಾಗೆ ಬಿಡಿಸಿ," ಅಂದರು. ನಮಗೆ ನಗು ಬಂತು. ಎಲ್‌ಕೆಜಿ ಮಕ್ಕಳಿಗೆ ಕೊಡೋ ಕೆಲಸ ಅನ್ನಿಸಿತು.

ಹತ್ತು ನಿಮಿಷದ ನಂತರ ಯಾರೂ ನಗ್ತಿರಲಿಲ್ಲ. ಹೆಚ್ಚುಕಡಿಮೆ ಎಲ್ಲರ ಹಾಳೆಯಲ್ಲೂ ಒಂದೇ ಚಿತ್ರ: ಮೇಲೆ ಗುಂಡನೆಯ ಬಾಯಿ, ಎರಡು ಪಕ್ಕದ ಗೆರೆ, ಕೆಳಗೆ ಸ್ಕೇಲ್ ಇಟ್ಟ ಹಾಗೆ ನೇರ ತಳ. ಸರ್ ಹಾಳೆಗಳನ್ನು ತಿರುವಿ ನೋಡಿ ಕೇಳಿದ್ದು ಇಷ್ಟೇ: "ಬಾಯಿ ನೋಡುವಾಗ ಟೇಬಲ್ ಮೇಲೆ ಹತ್ತಿದ್ರಾ? ತಳ ನೋಡುವಾಗ ಕೆಳಗೆ ಕೂತಿದ್ರಾ?"

ಟಾಪ್ ವ್ಯೂ ಮತ್ತು ಫ್ರಂಟ್ ವ್ಯೂ ಎರಡನ್ನೂ ನಾವು ಒಂದೇ ಚಿತ್ರಕ್ಕೆ ಅಂಟಿಸಿದ್ದೆವು. ಇಂಟರ್ನಲ್ಸ್‌ನಲ್ಲಿ ಪ್ರೊಜೆಕ್ಷನ್ ಲೆಕ್ಕಗಳು ಯಾಕೆ ಕೈಕೊಡ್ತಿದ್ದವು ಅಂತ ಆವತ್ತು ಸ್ವಲ್ಪ ಗೊತ್ತಾಯಿತು. ಕಮಾಂಡ್‌ಗಳು ಬಾಯಿಪಾಠ ಇದ್ದವು, ವಸ್ತು ಮಾತ್ರ ತಲೆಯಲ್ಲಿ ನಿಲ್ತಿರಲಿಲ್ಲ.

ಒಬ್ಬನ ಲೋಟ ಮಾತ್ರ ಲೋಟದ ಹಾಗಿತ್ತು. ಧಾರವಾಡ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಓದಿದವನು. ಡ್ರಾಯಿಂಗ್ ಮಾಸ್ತರು ಬೆನ್ನುಹತ್ತಿ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆ ಎರಡನ್ನೂ ಕಟ್ಟಿಸಿದ್ದರಂತೆ. ನಮ್ಮಲ್ಲಿ ಹಲವರಿಗೆ ಅಂಥ ಪರೀಕ್ಷೆ ಇದೆ ಅಂತಲೇ ಗೊತ್ತಿರಲಿಲ್ಲ. ನಮ್ಮ ಸ್ಕೂಲುಗಳಲ್ಲೂ ವಾರಕ್ಕೊಂದು ಡ್ರಾಯಿಂಗ್ ಪೀರಿಯಡ್ ಇತ್ತು. ಎರಡು ತ್ರಿಕೋನ ಬೆಟ್ಟ, ನಡುವೆ ಸೂರ್ಯ, ಒಂದು ತೆಂಗಿನಮರ, ನಾಲ್ಕು ಹಕ್ಕಿ. ಒಂಬತ್ತನೇ ಕ್ಲಾಸಿಗೆ ಬರೋ ಹೊತ್ತಿಗೆ ಆ ಪೀರಿಯಡ್ಡನ್ನು ಮ್ಯಾತ್ಸ್‌ನವರು ಎರವಲು ತಗೊಂಡರು. ವಾಪಸ್ ಕೊಡಲೇ ಇಲ್ಲ. ಆಗ ನಾವೂ ಕೇಳಲಿಲ್ಲ, ನಿಜ ಹೇಳಬೇಕಂದ್ರೆ.

ಮುಂದೆ ಮೂರು ಸಂಜೆ ಹಾಸ್ಟೆಲ್ ಮೆಸ್ಸಿನಲ್ಲಿ ಅವನು ನಮಗೆ ಹೈಸ್ಕೂಲಿನ ವಸ್ತುಚಿತ್ರದ ಪಾಠ ಮಾಡಿದ. ಅದನ್ನೇ ಇಲ್ಲಿ ಬರೀತಿದ್ದೀವಿ. ಓದ್ತಾ ಹಾಗೇ ಒಂದು ಲೋಟ, ಒಂದು ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ.

ಅವನು ಮೊದಲು ಹೇಳಿದ ಮಾತು: "ಗ್ಲಾಸಿನ ಬಾಯಿ ದುಂಡಗ ಐತಿ ಅಂತ ನಿಂಗ ಮೊದ್ಲ ಗೊತ್ತೈತಿ. ಅದಕ್ಕ ನೀ ನೋಡಂಗಿಲ್ಲ." ಬೇರೆ ಎಲ್ಲ ಇದರ ವಿವರಣೆ ಅಷ್ಟೇ.

ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಬಾಯಿ ಒಂದು ಗೆರೆಯಾಗಿ ಕಾಣುತ್ತೆ. ನಿಧಾನಕ್ಕೆ ಕೆಳಗಿಳಿಸಿ. ಗೆರೆ ತೆರೆದುಕೊಂಡು ತೆಳ್ಳನೆಯ ದೀರ್ಘವೃತ್ತ ಆಗುತ್ತೆ, ಆಮೇಲೆ ದಪ್ಪ ಆಗುತ್ತೆ, ನೇರ ಮೇಲಿಂದ ನೋಡಿದಾಗ ಮಾತ್ರ ಪೂರ್ತಿ ವೃತ್ತ. ಇದಕ್ಕೆ ಲೆಕ್ಕವೂ ಇದೆ. ನೋಟ ವೃತ್ತದ ಸಮತಲಕ್ಕೆ ಎಷ್ಟು ಕೋನದಲ್ಲಿ ಬೀಳುತ್ತೋ ಆ ಕೋನದ ಸೈನ್ ಬೆಲೆಯೇ ದೀರ್ಘವೃತ್ತದ ಚಿಕ್ಕ ಅಕ್ಷಕ್ಕೂ ದೊಡ್ಡ ಅಕ್ಷಕ್ಕೂ ಇರುವ ಅನುಪಾತ. ಸೊನ್ನೆ ಡಿಗ್ರಿಗೆ ಗೆರೆ, 30 ಡಿಗ್ರಿಗೆ ಅಗಲದ ಅರ್ಧದಷ್ಟು ಎತ್ತರ, 90 ಡಿಗ್ರಿಗೆ ವೃತ್ತ. ತೀರಾ ಹತ್ತಿರದಿಂದ ನೋಡಿದರೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತೆ, ಆದರೆ ಕೈಚಿತ್ರಕ್ಕೆ ಇಷ್ಟು ಸಾಕು. ಐಸೊಮೆಟ್ರಿಕ್‌ನಲ್ಲಿ ಮೇಲ್ಮುಖವನ್ನು ನೋಡುವ ಕೋನ ಸುಮಾರು 35.26 ಡಿಗ್ರಿ, ಅದರ ಸೈನ್ 0.577. ಫೋರ್ ಸೆಂಟರ್ ಮೆಥಡ್ ಅಂತ ಕಣ್ಣುಮುಚ್ಚಿ ಬಿಡಿಸ್ತಿದ್ದೆವಲ್ಲ, ಆ ಎಲಿಪ್ಸ್ ಅಷ್ಟೇ ಅಗಲ ಯಾಕೆ ಅನ್ನೋ ಪ್ರಶ್ನೆ ನಮಗೆ ಒಂದು ಸೆಮಿಸ್ಟರ್ ಪೂರ್ತಿ ಹೊಳೆದಿರಲಿಲ್ಲ.

ಈಗ ತಳದ ಕಡೆ ಬನ್ನಿ. ಲೋಟ ಟೇಬಲ್ ಮೇಲಿದ್ದರೆ ತಳ ಬಾಯಿಗಿಂತಲೂ ಕಣ್ಣಿನ ಮಟ್ಟದಿಂದ ಕೆಳಗಿರುತ್ತೆ. ಅಂದರೆ ಬಾಯಿಗಿಂತ ತಳದ ದೀರ್ಘವೃತ್ತ ಹೆಚ್ಚು ತೆರೆದಿರಬೇಕು, ಅದರ ಮುಂದಿನ ಅಂಚು ಹೆಚ್ಚು ಬಾಗಿರಬೇಕು. ನಾವು ಮಾಡೋದು ಉಲ್ಟಾ. ಟೇಬಲ್ ಚಪ್ಪಟೆ, ಲೋಟ ಅಲುಗಾಡದೆ ಕೂತಿದೆ, ಹಾಗಾಗಿ ತಳ ನೇರ ಇರಲೇಬೇಕು ಅಂತ ಮೆದುಳು ತೀರ್ಮಾನ ಕೊಟ್ಟುಬಿಡುತ್ತೆ. ಫ್ರಂಟ್ ವ್ಯೂನಲ್ಲಿ ತಳ ನೇರ ಗೆರೆಯೇ, ತಪ್ಪಲ್ಲ. ಆದರೆ ಆಗ ಬಾಯಿಯೂ ನೇರ ಗೆರೆಯೇ ಆಗಬೇಕು. ಒಂದು ಚಿತ್ರಕ್ಕೆ ಒಂದು ಕಣ್ಣು, ಅದು ಒಂದೇ ಜಾಗದಲ್ಲಿ. ಇನ್ನೊಂದು ಮಾಮೂಲಿ ತಪ್ಪು, ದೀರ್ಘವೃತ್ತದ ಎರಡು ತುದಿಗಳನ್ನು ಬಾದಾಮಿ ಹಾಗೆ ಚೂಪು ಮಾಡೋದು. ಎಷ್ಟೇ ತೆಳ್ಳಗಿದ್ದರೂ ತುದಿ ದುಂಡಗೇ ಇರುತ್ತೆ.

ಅಳತೆಗೆ ಪೆನ್ಸಿಲ್ ಸಾಕು. ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ತುದಿಯನ್ನು ಲೋಟದ ಒಂದು ಅಂಚಿಗೆ ಹೊಂದಿಸಿ, ಇನ್ನೊಂದು ಅಂಚಿಗೆ ಹೆಬ್ಬೆರಳು ಜಾರಿಸಿ. ಅದು ಅಗಲ. ಅದೇ ಅಳತೆ ಎತ್ತರದಲ್ಲಿ ಎಷ್ಟು ಸಲ ಹಿಡಿಸುತ್ತೆ ಎಣಿಸಿ. ಸಿನಿಮಾದಲ್ಲಿ ಕಲಾವಿದರು ಹೀಗೆ ಮಾಡೋದನ್ನ ನಾವು ಸ್ಟೈಲ್ ಅಂದುಕೊಂಡಿದ್ದೆವು. ಮೊಣಕೈ ಮಡಚಬಾರದು ಅನ್ನೋ ನಿಯಮ ಯಾಕೆ ಗೊತ್ತಾ? ಕಣ್ಣಿಗೂ ಪೆನ್ಸಿಲಿಗೂ ದೂರ ಬದಲಾದರೆ ಸಮರೂಪ ತ್ರಿಭುಜಗಳ ಅನುಪಾತ ಕೆಡುತ್ತೆ. ಹತ್ತನೇ ಕ್ಲಾಸಿನ ಥೇಲ್ಸ್ ಪ್ರಮೇಯ! ಡ್ರಾಯಿಂಗ್ ಪೀರಿಯಡ್ ಕಿತ್ತುಕೊಂಡು ಹೇಳಿಕೊಟ್ಟ ಮ್ಯಾತ್ಸ್ ಆ ಡ್ರಾಯಿಂಗ್ ಪೀರಿಯಡ್ಡಿನ ಒಳಗೇ ಇತ್ತು.

ಎರಡನೇ ಸಂಜೆ ಹಿಡಿಕೆ ಇರೋ ಜಗ್ ಬಂತು. ಹಿಡಿಕೆಯನ್ನು ಎಷ್ಟು ಸಲ ಬಿಡಿಸಿದರೂ ಆನೆಕಿವಿ ಆಗ್ತಿತ್ತು. ಹಿಡಿಕೆಯನ್ನು ಮರೆತು, ಹಿಡಿಕೆಗೂ ಜಗ್ಗಿಗೂ ನಡುವಿನ ಖಾಲಿ ಜಾಗವನ್ನು ಬಿಡಿಸಿ ಅಂದ. ಆ ಖಾಲಿ ಜಾಗಕ್ಕೆ ಹೆಸರಿಲ್ಲ, ಅದು ಹೇಗಿರಬೇಕು ಅನ್ನೋ ಕಲ್ಪನೆಯೂ ತಲೆಯಲ್ಲಿಲ್ಲ, ಅದಕ್ಕೇ ನೋಡಲೇಬೇಕಾಗುತ್ತೆ. ಮೊದಲ ಸಲ ಹಿಡಿಕೆ ಜಗ್ಗಿಗೆ ಅಂಟಿಕೊಂಡಂತೆ ಕಂಡಿತು. ನೆರಳಿಗೆ ಸ್ಟೀಲ್ ಬೇಡ, ಹೊಳಪು ದಾರಿ ತಪ್ಪಿಸುತ್ತೆ. ಮಣ್ಣಿನ ಕುಂಡ ತಗೊಳ್ಳಿ. ಒಂದು ಪಕ್ಕದಿಂದ ಬೆಳಕು ಬಿದ್ದಾಗ ಅತಿ ಕಪ್ಪಾದ ಪಟ್ಟಿ ಅಂಚಿನಲ್ಲಿ ಇರಲ್ಲ, ಅಂಚಿಗಿಂತ ಸ್ವಲ್ಪ ಒಳಗಿರುತ್ತೆ. ಟೇಬಲ್ಲಿನಿಂದಲೋ ಗೋಡೆಯಿಂದಲೋ ಪ್ರತಿಫಲಿಸಿದ ಬೆಳಕು ಅಂಚನ್ನು ತುಸು ತಿಳಿಯಾಗಿಸುತ್ತೆ.

ಮೂರನೇ ಸಂಜೆ ಡಿಸೈನ್. ಒಂದು ಚೌಕದೊಳಗೆ ಹೂವು, ಬಳ್ಳಿ, ಎಲೆ ಹೊಂದಿಸಿ ತುಂಬುವುದು ಬರೀ ಅಲಂಕಾರ ಅಂದುಕೊಂಡಿದ್ದೆವು. ಅವನು ಒಂದು ಟವೆಲ್ ತಂದು ಹಾಸಿದ. ಅವರ ಅವ್ವ ಕಸೂತಿ ಹಾಕಿದ್ದು. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಗೀಚಿಕೊಳ್ಳೋ ಪದ್ಧತಿ ಇಲ್ಲ, ಎಳೆ ಎಣಿಸಿ ಹಾಕ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬೋದು. ಗಂಟು ಹಾಕಂಗಿಲ್ಲ, ಹಿಂದೂ ಮುಂದೂ ಒಂದೇ ಥರ ಕಾಣಬೇಕು. ಗ್ರಾಫ್ ಥಿಯರಿ ಓದಿದವರಿಗೆ ಇಲ್ಲಿ ಆಯ್ಲರ್ ನೆನಪಾದರೆ ಆಶ್ಚರ್ಯ ಇಲ್ಲ. ಗೋಪುರ, ತೇರು, ಆನೆ ಎಲ್ಲ ಹೀಗೆ ಎಣಿಕೆಯ ಮೇಲೇ ನಿಂತಿರೋದು. ಒಂದು ವಿನ್ಯಾಸವನ್ನು ಸಮತಲದ ತುಂಬ ಎರಡೂ ದಿಕ್ಕಿಗೆ ಪುನರಾವರ್ತಿಸೋದಕ್ಕೆ 17 ಬಗೆಯ ಸಮಮಿತಿ ಮಾತ್ರ ಸಾಧ್ಯ ಅಂತ ರಷ್ಯಾದ ಫೆಡೊರೊವ್ 1891ರಲ್ಲೇ ತೋರಿಸಿದ್ದ. ಹೈಸ್ಕೂಲಿನ ಹುಡುಗ ಚೌಕದೊಳಗೆ ಎಲೆ ತಿರುಗಿಸಿ, ಕನ್ನಡಿ ಹಿಡಿದು, ಜರುಗಿಸಿ ನೋಡುವಾಗ ಆಡ್ತಿರೋದು ಅದೇ ಆಟ.

ಈ ವಿಷಯ ಶಾಲೆಗೆ ಬಂದಿದ್ದೇ ಹವ್ಯಾಸಕ್ಕಲ್ಲ, ಕಾರ್ಖಾನೆಗೆ ಅನ್ನೋದು ಆಮೇಲೆ ಹುಡುಕಿದಾಗ ಸಿಕ್ಕಿತು. ಅಮೆರಿಕದ ಮ್ಯಾಸಚೂಸೆಟ್ಸ್ 1870ರಲ್ಲಿ ಕಾನೂನು ಮಾಡಿ ಸಾರ್ವಜನಿಕ ಶಾಲೆಗಳಲ್ಲಿ ಡ್ರಾಯಿಂಗ್ ಕಡ್ಡಾಯ ಮಾಡಿತು; ಅಲ್ಲಿನ ಕೈಗಾರಿಕೆಗಳಿಗೆ ನಕ್ಷೆ ಬಿಡಿಸೋ ಕೈಗಳು ಬೇಕಿದ್ದವು. ನಮ್ಮಲ್ಲಿ ಮದ್ರಾಸಿನ ಕಲಾಶಾಲೆ 1850ರದ್ದು, ಮುಂಬೈಯ ಜೆ.ಜೆ. ಶಾಲೆ 1857ರದ್ದು. ಮೈಸೂರಿನಲ್ಲಿ ಚಿತ್ರಕಲೆ, ಮರಗೆಲಸ ಕಲಿಸಿದ ಸಂಸ್ಥೆಯ ಹೆಸರು ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್. ಕಲೆ ಒಂದು ಕಡೆ, ಟೆಕ್ನಿಕಲ್ ಇನ್ನೊಂದು ಕಡೆ ಅಂತ ಗೋಡೆ ಎದ್ದದ್ದು ಆಮೇಲೆ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರಲ್ಲೇ ಹತ್ತನೇ ತರಗತಿವರೆಗೂ ಕಲೆ ಕಡ್ಡಾಯ ವಿಷಯ ಆಗಬೇಕು ಅಂತ ಹೇಳಿದೆ. ನಾವೆಲ್ಲ ಸ್ಕೂಲಿಗೆ ಸೇರಿದ್ದು ಅದಾದ ಮೇಲೆ. ಎರವಲು ಹೋದ ಪೀರಿಯಡ್ ನೆನೆಸಿಕೊಳ್ಳಿ.

ಇದನ್ನೆಲ್ಲ ಈಗ ಬರೆಯೋಕೆ ಒಂದು ಕಾರಣ ಇದೆ. ನಮ್ಮಲ್ಲೊಬ್ಬರ ತಮ್ಮ ಎಂಟನೇ ಕ್ಲಾಸು. ಅವನ ಸ್ಕೂಲಿನಿಂದ ಮನೆಗೆ ಫಾರ್ಮ್ ಬಂದಿದೆ: ಡ್ರಾಯಿಂಗ್ ಅಥವಾ ಫೌಂಡೇಶನ್ ಕೋಚಿಂಗ್, ಎರಡರಲ್ಲಿ ಒಂದಕ್ಕೆ ಟಿಕ್ ಹಾಕಿ. ಅಪ್ಪ ಫೋನ್ ಮಾಡಿ, "ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ನೀನೇ ಹೇಳು," ಅಂದರಂತೆ. ರೂಮಿನಲ್ಲಿ ರಾತ್ರಿ ಇಡೀ ವಾದ ಆಯಿತು. ಕೋಚಿಂಗ್ ಬಿಟ್ಟರೆ ಮುಂದೆ ಸೀಟು ತಪ್ಪಿದರೆ ಯಾರು ಹೊಣೆ ಅಂದವರೂ ಇದ್ದರು, ಆ ಭಯ ಸುಳ್ಳಲ್ಲ. ಕೊನೆಗೆ ಡ್ರಾಯಿಂಗ್‌ಗೆ ಟಿಕ್ ಬಿತ್ತು. ಅಪ್ಪನಿಗೆ ವಾಟ್ಸಾಪ್‌ನಲ್ಲಿ ಕಾರಣ ಅಂತ ಕಳಿಸಿದ್ದು ಎರಡು ಫೋಟೋ: ಕರೆಂಟ್ ಹೋದ ದಿನದ ಲೋಟ, ಮೂರನೇ ಸಂಜೆಯ ಲೋಟ. ಎರಡನೆಯದರಲ್ಲೂ ಎಡಗಡೆ ಗೆರೆ ಸ್ವಲ್ಪ ವಾಲಿದೆ. ಅಪ್ಪ ಅದನ್ನೇ ಮೊದಲು ಗುರುತಿಸಿ ಫೋನ್ ಮಾಡಿದರು.