ಬೆಕ್ಕಿನ ಕಣ್ಣಿನ ಅಜ್ಜಿ

ಪ್ರಶ್ನೆ: ನನಗೀಗ ಐವತ್ತೇಳು. ನನ್ನ ತಾಯಿಯ ತಾಯಿಗೆ ಬೆಕ್ಕಿನ ಕಣ್ಣು, ಹಾಲಿನಂಥ ಬಣ್ಣ. ಸುಂಟಿಕೊಪ್ಪದ ಕಡೆಯ ಒಂದು ಕಾಫಿ ತೋಟದ ಇಂಗ್ಲಿಷ್ ದೊರೆಗೂ ಅಲ್ಲಿ ಕೆಲಸಕ್ಕಿದ್ದ ಹೆಂಗಸಿಗೂ 1920ರ ಸುಮಾರಿಗೆ ಹುಟ್ಟಿದವರು ಅವರು. ದೊರೆ ಆರಡಿ ಎತ್ತರವಂತೆ, ಬಂಗಲೆಯಲ್ಲಿ ಪಿಯಾನೊ ನುಡಿಸುತ್ತಿದ್ದರಂತೆ, ಅವರ ಕುದುರೆ ಕಂಡರೆ ಊರೇ ಎದ್ದು ನಿಲ್ಲುತ್ತಿತ್ತಂತೆ. ಸೀಮೆಗೆ ಹೋಗುವ ಮುಂಚೆ ಮುತ್ತಜ್ಜಿಯ ಹೆಸರಿಗೆ ಎರಡು ಎಕರೆ ಬರೆದುಕೊಟ್ಟರು. ಆಮೇಲೆ ಒಂದು ಕಾಗದವೂ ಬರಲಿಲ್ಲ. ನಾವು ಈ ವಿಷಯ ಹೊರಗೆ ಬಾಯಿ ಬಿಟ್ಟವರಲ್ಲ. ಈಗ ನನ್ನ ಮಗಳು ಇದನ್ನೇ ಪ್ರೇಮ ಕಾದಂಬರಿಯಾಗಿ ಬರೆಯಲು ಕೂತಿದ್ದಾಳೆ. ಇತ್ತ ಮಗನಿಗೆ ಸಂಬಂಧ ಕುದುರುತ್ತಿದೆ. ಬೀಗರಿಗೆ ತಿಳಿದರೆ ಗತಿಯೇನು? ಅವಳನ್ನು ತಡೆಯಲೇ? ಅದು ಪ್ರೇಮವೇ, ಮನೆತನದ ಕಳಂಕವೇ?
— ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ ಅಮ್ಮಾ. ದೊರೆಯ ಎತ್ತರ ಗೊತ್ತಾಯಿತು, ಪಿಯಾನೊ ಗೊತ್ತಾಯಿತು, ಕುದುರೆಯೂ ಬಂತು. ಮುತ್ತಜ್ಜಿಯ ಬಗ್ಗೆ ಇರುವುದು ‘ಕೆಲಸಕ್ಕಿದ್ದ ಹೆಂಗಸು’ ಅನ್ನುವಷ್ಟೇ. ಹೆಸರೂ ಇಲ್ಲ. ನಿಮ್ಮನ್ನು ಆಕ್ಷೇಪಿಸಲು ಹೇಳುತ್ತಿಲ್ಲ, ಇಂಥ ಮನೆಗಳ ಕಥೆಗಳೆಲ್ಲ ಹೀಗೇ ನಮ್ಮ ಕೈಗೆ ಬಂದಿರುತ್ತವೆ.

ಪ್ರೇಮವೇ ಎಂದು ಕೇಳಿದ್ದೀರಿ. ನೂರು ವರ್ಷ ಆಚೆ ಇಬ್ಬರ ಮನಸ್ಸಿನಲ್ಲಿ ಏನಿತ್ತೆಂದು ನಾನು ಇಲ್ಲಿ ಕೂತು ಹೇಳಿದರೆ ಅದು ಕಣಿ ಹೇಳಿದಂತೆ. ಆದರೆ ಒಂದು ಪ್ರಶ್ನೆ ಕೇಳಬಹುದು: ಆಕೆಗೆ ‘ಒಲ್ಲೆ’ ಅನ್ನುವ ದಾರಿ ಇತ್ತೇ? ಆಗ ತೋಟದ ಕೆಲಸಕ್ಕೆ ಜನ ಬರುತ್ತಿದ್ದದ್ದು ಮೇಸ್ತ್ರಿಯಿಂದ ಮುಂಗಡ ಪಡೆದು, ಬಹಳ ಮಂದಿ ಘಟ್ಟದ ಕೆಳಗಿನಿಂದ. ಮುಂಗಡ ತೀರಿಸದೆ ಕೆಲಸ ಬಿಟ್ಟವರನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಮಾತು ಕೇಳದಿದ್ದರೆ ಮೂರು ತಿಂಗಳವರೆಗೆ ಜೈಲಿಗೆ ಕಳಿಸಬಲ್ಲ 1859ರ ಕಾಯಿದೆಯೊಂದು 1920ರ ದಶಕದ ನಡುವಿನವರೆಗೂ ಜಾರಿಯಲ್ಲಿತ್ತು. ಕೂಲಿಯವರಿದ್ದ ಲೈನ್ ಮನೆ ದೊರೆಯದು, ಪಡಿ ದೊರೆಯದು, ಬಿಟ್ಟು ಓಡಿದರೆ ಹಿಡಿದು ತರುವ ಕಾನೂನೂ ದೊರೆಯ ಕಡೆಗೆ. ಅಂಥ ಕಡೆ ಪ್ರೀತಿ ಹುಟ್ಟುವುದೇ ಇಲ್ಲ ಅನ್ನಲಾರೆ, ಮನುಷ್ಯರು ಎಲ್ಲೆಲ್ಲೋ ಪ್ರೀತಿಸುತ್ತಾರೆ. ಆದರೆ ಬಂಗಲೆಯಿಂದ ಕರೆ ಬಂದಾಗ ಲೈನ್ ಮನೆಯ ಹೆಣ್ಣು ಎದ್ದು ಹೋದದ್ದು ಯಾಕೆ ಎಂಬುದಕ್ಕೆ ಪ್ರೀತಿ ಒಂದೇ ಉತ್ತರವಾಗಲಾರದು. ನಿಮ್ಮ ಮಗಳ ಕಾದಂಬರಿಯಲ್ಲಿ ಪಿಯಾನೊ ಇರಲಿ, ಆ ಮುಂಗಡದ ಲೆಕ್ಕದ ಪುಸ್ತಕವೂ ಇರಲಿ.

ಅವಳು ಬಹುಶಃ ಹೈದರಾಬಾದಿನ ಕಥೆ ಓದಿರುತ್ತಾಳೆ. ಇಂಥದ್ದು ಬರೆಯಹೊರಟವರೆಲ್ಲ ಮೊದಲು ಅಲ್ಲಿಗೇ ಹೋಗುತ್ತಾರೆ. ಬ್ರಿಟಿಷ್ ರೆಸಿಡೆಂಟ್ ಜೇಮ್ಸ್ ಕರ್ಕ್‌ಪ್ಯಾಟ್ರಿಕ್, ನಿಜಾಮನ ಆಸ್ಥಾನದ ದೊಡ್ಡ ಮನೆತನದ ಖೈರುನ್ನೀಸಾ. ಅವನು ಅವಳಿಗಾಗಿ ಇಸ್ಲಾಮಿಗೆ ಸೇರಿ ಮದುವೆಯಾದ, ಗವರ್ನರ್ ಜನರಲ್ ವೆಲ್ಲೆಸ್ಲಿ ವಿಚಾರಣೆ ಮಾಡಿಸಿದ, ಇವನು ಕೈಬಿಡಲಿಲ್ಲ. ವಿಲಿಯಂ ಡಾಲ್ರಿಂಪಲ್ 2002ರಲ್ಲಿ ಅದನ್ನು ದೊಡ್ಡ ಪುಸ್ತಕವಾಗಿ ಬರೆದರು. ನಿಜವಾದ ಪ್ರೀತಿಯೇ ಇರಬೇಕು, ನನಗೂ ಹಾಗೇ ಅನ್ನಿಸುತ್ತದೆ. ಆದರೆ ಪ್ರೇಮಕಥೆ ಹೇಳುವವರು ಬೇಗ ದಾಟಿಬಿಡುವ ಪುಟಗಳೂ ಅದರಲ್ಲಿವೆ. ಕಥೆ ಶುರುವಾದಾಗ ಅವಳಿಗೆ ಹದಿನಾಲ್ಕರ ಆಸುಪಾಸು. 1805ರಲ್ಲಿ ಇಬ್ಬರು ಪುಟ್ಟ ಮಕ್ಕಳನ್ನು ಇಂಗ್ಲೆಂಡಿಗೆ ಹಡಗು ಹತ್ತಿಸಿದರು. ಹೊರಡುವ ಮುಂಚೆ ಚಿನ್ನರಿ ಎಂಬ ಕಲಾವಿದ ಅವರ ಚಿತ್ರ ಬರೆದ. ಹೈದರಾಬಾದಿ ಉಡುಪಿನ ಮಕ್ಕಳಿಬ್ಬರೂ ಅದರಲ್ಲಿದ್ದಾರೆ, ತಾಯಿ ಇಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಗಂಡ ಕಲ್ಕತ್ತೆಯಲ್ಲಿ ತೀರಿಕೊಂಡ. ಆಮೇಲೆ ಅವನ ಕೈಕೆಳಗಿದ್ದ ಇನ್ನೊಬ್ಬ ಅಧಿಕಾರಿ ಅವಳಿಗೆ ಹತ್ತಿರವಾಗಿ, ಕೊನೆಗೆ ಬೇರೆಯವಳನ್ನು ಮದುವೆಯಾದ. ಮಕ್ಕಳನ್ನು ಮತ್ತೆ ನೋಡದೆ 1813ರಲ್ಲಿ ಅವಳು ಸತ್ತಳು. ಆ ಮಗಳು ಕಿಟ್ಟಿ, ಇಂಗ್ಲೆಂಡಿನಲ್ಲಿ ಇಂಗ್ಲಿಷರವಳಾಗಿಯೇ ಬೆಳೆದು, 1840ರ ದಶಕದಲ್ಲಿ ಹೈದರಾಬಾದಿನ ತನ್ನ ಅಜ್ಜಿಯೊಂದಿಗೆ ಕಾಗದ ಶುರುಮಾಡಿದಳು. ಅಜ್ಜಿಯ ಕಾಗದಗಳು ಪಾರಸಿಯಲ್ಲಿ. ಸುಮಾರು ನಲವತ್ತು ವರ್ಷ ಕಳೆದ ಮೇಲೂ ಕಿಟ್ಟಿಗೆ ತಾಯಿಯ ಕಡೆಯವರು ಬೇಕಿದ್ದರು ಅನ್ನುವುದೇ ನನಗೆ ಆ ಇಡೀ ಕಥೆಯಲ್ಲಿ ಎದೆಗೆ ತಾಗುವ ಭಾಗ.

ನಿಮ್ಮ ಅಜ್ಜಿ ಹುಟ್ಟಿದ ಕೊಡಗಿನದೇ ಇನ್ನೊಂದು ಕಥೆ ಇದೆ. ಅಲ್ಲಿಯ ಅರಸ ಚಿಕ್ಕವೀರರಾಜನ ಮಗಳು ಗೌರಮ್ಮ (ಕಥೆಗಾರ್ತಿ ಕೊಡಗಿನ ಗೌರಮ್ಮ ಅಲ್ಲ, ಹೆಸರು ಕೇಳಿದ ಕೂಡಲೇ ಎಲ್ಲರೂ ಅವರನ್ನೇ ನೆನೆಯುತ್ತಾರೆ). 1852ರಲ್ಲಿ ಲಂಡನ್ನಿನಲ್ಲಿ ಕ್ರೈಸ್ತಳಾದಾಗ ವಿಕ್ಟೋರಿಯಾ ರಾಣಿಯೇ ಧರ್ಮತಾಯಿ. ಪಂಜಾಬಿನ ದುಲೀಪ್ ಸಿಂಗನಿಗೆ ಕೊಡಬೇಕೆಂದು ರಾಣಿಯ ಆಸೆ ಇತ್ತು, ಅದು ಕೂಡಿ ಬರಲಿಲ್ಲ. ಕೊನೆಗೆ ತನಗಿಂತ ತೀರಾ ಹಿರಿಯನಾದ ಸೇನಾಧಿಕಾರಿ ಕ್ಯಾಂಪ್‌ಬೆಲ್‌ನನ್ನು ಮದುವೆಯಾಗಿ, ಒಂದು ಹೆಣ್ಣು ಹೆತ್ತು, 1864ರಲ್ಲಿ ಇಪ್ಪತ್ತಮೂರು ತುಂಬುವ ಮೊದಲೇ ಹೋದಳು. ರಾಜನ ಮಗಳ ಪಾಡೇ ಅದು. ಲೈನ್ ಮನೆಯವರ ಮಾತೇನು?

ಇನ್ನು ಕಳಂಕದ ವಿಷಯ. ಸ್ವಲ್ಪ ಕಟುವಾಗಿ ಹೇಳುತ್ತೇನೆ, ಬೇಸರಿಸಬೇಡಿ. ಬೀಗರಿಗೆ ತಿಳಿಯಬಾರದು ಎಂದು ನೀವು ಹೆದರುತ್ತಿರುವುದು ನಿಜಕ್ಕೂ ದೊರೆಯ ವಿಷಯವನ್ನೇ? ನಿಮ್ಮ ಮನೆಯಲ್ಲಿ ಯಾವುದಾದರೂ ಮಗು ಬೆಳ್ಳಗೆ ಹುಟ್ಟಿದಾಗ ‘ಅಜ್ಜಿಯ ಬಣ್ಣ ಬಂದಿದೆ’ ಎಂದು ಹಿಗ್ಗಿರುತ್ತೀರಿ. ಮಗನ ಜಾತಕದ ಜೊತೆ ಕೊಟ್ಟ ವಿವರದಲ್ಲಿ ‘ಕೆಂಪು ಮೈಬಣ್ಣ’ ಎಂದೂ ಬರೆದಿರಬಹುದು. ದೊರೆ ಕೊಟ್ಟದ್ದನ್ನು ನಾವು ಮುಚ್ಚಿಡುವುದಿಲ್ಲ, ಮೆರೆಸುತ್ತೇವೆ. ಮುಚ್ಚಿಡುವುದು ಲೈನ್ ಮನೆಯನ್ನು, ಮುತ್ತಜ್ಜಿಯ ಜಾತಿಯನ್ನು. ನಿಮ್ಮ ಮಗಳು ಪ್ರೇಮ ಎನ್ನುತ್ತಾಳೆ, ನೀವು ಕಳಂಕ ಎನ್ನುತ್ತೀರಿ. ಎರಡು ಮಾತಿನಲ್ಲೂ ಆಕೆ ಬಂಗಲೆಯ ಹಿಂಬಾಗಿಲಲ್ಲೇ ನಿಂತಿದ್ದಾರೆ.

ಬೀಗರಿಗೆ ಡಂಗುರ ಸಾರಬೇಕಿಲ್ಲ, ನಾಲ್ಕು ತಲೆಮಾರಿನ ಹಿಂದಿನ ಮಾತು ಅದು. ಆದರೆ ಮಗನಿಗೆ ಮೊದಲು ಹೇಳಿ, ಅವನು ಆ ಹುಡುಗಿಗೆ ನಿಶ್ಚಿತಾರ್ಥಕ್ಕೆ ಮುಂಚೆಯೇ ತಾನಾಗಿ ಹೇಳಲಿ. ಕಾದಂಬರಿ ಅಚ್ಚಾದ ಮೇಲೆ ಬೇರೆಯವರ ಬಾಯಿಂದ ಕೇಳಿದರೆ ಅವಳಿಗೆ ನೋಯುವುದು ಮುತ್ತಜ್ಜಿಯ ವಿಷಯಕ್ಕಲ್ಲ, ನೀವು ಮುಚ್ಚಿಟ್ಟದ್ದಕ್ಕೆ. ಕೇಳಿ ಹಿಂದೆ ಸರಿಯುವ ಮನೆಯಾದರೆ ಈಗಲೇ ಸರಿಯಲಿ.

ಮಗಳನ್ನು ತಡೆಯಬೇಡಿ, ಆದರೆ ಅವಸರಪಡಲೂ ಬಿಡಬೇಡಿ. ಎರಡು ಎಕರೆ ಬರೆದುಕೊಟ್ಟರು ಎಂದಿರಲ್ಲ, ಆ ಪತ್ರ ನೋಂದಣಿಯಾಗಿದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಹಳೆಯ ಪುಸ್ತಕದಲ್ಲಿ ಮುತ್ತಜ್ಜಿಯ ಹೆಸರಿರುತ್ತದೆ. ತಂದೆಯ ಹೆಸರೋ ಊರೋ ಜೊತೆಗೆ ಸಿಕ್ಕೀತು. ಮಗಳು ಮೊದಲು ಆ ಪುಸ್ತಕ ತೆರೆಸಲಿ. ಆ ಕಾಲದ ಬಹಳ ಮಕ್ಕಳಿಗೆ ಇಷ್ಟೂ ಸಿಗುವುದಿಲ್ಲ. ಚಹಾ ತೋಟದ ದೊರೆಗಳ ಮಕ್ಕಳಿಗೆಂದೇ ಗ್ರಹಾಂ ಎಂಬ ಪಾದ್ರಿ 1900ರಲ್ಲಿ ಕಾಲಿಂಪಾಂಗಿನಲ್ಲಿ ಶಾಲೆ ತೆರೆದ. ಅಲ್ಲಿಂದ ಹಲವರನ್ನು ನ್ಯೂಜಿಲೆಂಡಿಗೇ ಸಾಗಿಸಿದರು, ತಾಯಂದಿರು ಬೆಟ್ಟದಲ್ಲೇ ಉಳಿದರು. ನಿಮ್ಮ ಅಜ್ಜಿ ತಾಯಿಯ ಬಳಿಯೇ ಬೆಳೆದಂತಿದೆ. ಅದು ಹೇಗೆ ಸಾಧ್ಯವಾಯಿತು, ಯಾರು ಬಿಡಲೊಲ್ಲೆ ಅಂದರು ಎಂಬುದರಲ್ಲೇ ಒಂದು ಕಾದಂಬರಿ ಇದೆ.

ನಿಮ್ಮ ತಾಯಿ ಇದ್ದರೆ, ಎಲ್ಲಕ್ಕಿಂತ ಮೊದಲು ಅವರ ಹತ್ತಿರ ಹೋಗಿ. ‘ದೊರೆ ಮೊಮ್ಮಗಳು’ ಎಂಬ ಕುಹಕ ಕೇಳಿ ಬೆಳೆದಿರಬಹುದು ಅವರು. ಬರೆಯಬಹುದೇ ಬೇಡವೇ ಎಂದು ಹೇಳುವ ಹಕ್ಕು ನಿಮಗಿಂತ, ನನಗಿಂತ ಅವರಿಗೆ ಹೆಚ್ಚು. ಮಗಳನ್ನೂ ಕರೆದುಕೊಂಡು ಹೋಗಿ, ಮೊದಲ ದಿನ ಮೊಬೈಲಿನಲ್ಲಿ ರೆಕಾರ್ಡ್ ಹಾಕುವುದು ಬೇಡ. ದೊರೆ ಹೇಗಿದ್ದ ಎಂದು ಕೇಳಬೇಡಿ. ನಿನ್ನ ಅಜ್ಜಿ ಯಾವ ಊರಿನವರು, ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದರು, ನಿನಗೆ ಏನು ಮಾಡಿ ಬಡಿಸುತ್ತಿದ್ದರು, ಅವರನ್ನು ಎಲ್ಲರೂ ಏನೆಂದು ಕರೆಯುತ್ತಿದ್ದರು ಎಂದು ಕೇಳಿ. ಆ ಹೆಸರು ಸಿಕ್ಕಿದ ಮೇಲೆ ನನಗೊಂದು ಕಾಗದ ಹಾಕಿ.