ಎರೆಮೀನಿಗೆ ಬೀಸುಬಲೆ ಆರಿಸುವುದು

ಮೃಗಶಿರಾ ಮಳೆ ಹಿಡಿದು ಹಳ್ಳ ಕೆರೆಗಳಲ್ಲಿ ಹೊಸ ನೀರು ಕೂಡಿತೆಂದರೆ ನಮ್ಮ ಡಾಬಕಾ ಸುತ್ತಿನ ಹಳ್ಳಿಗಳಲ್ಲಿ ಗಾಳದ ಕೋಲುಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಸಣ್ಣ ಮೀನಿಗೆ ಎರೆಹುಳು ಸಾಕು, ಹಿಟ್ಟಿನ ಉಂಡೆಯೂ ಸಾಕು. ಆದರೆ ಕೊರಮೀನು ಬೇಕು, ಬಾಳೆಮೀನು ಬೇಕು ಎನ್ನುವವರಿಗೆ ಅಷ್ಟರಿಂದ ಆಗುವುದಿಲ್ಲ. ಮರಾಠಿ ಆಡುವ ನೆರೆಯವರು ಮರಳ ಎಂದು ಕರೆಯುವ ಈ ಕೊರಮೀನು ಬೇಟೆಯಾಡಿ ತಿನ್ನುವ ಜಾತಿ. ಕಣ್ಣೆದುರು ಮಿಸುಕಾಡುವ ಮೀನನ್ನು ಕಂಡರೆ ಅದು ಸುಮ್ಮನಿರುವುದಿಲ್ಲ. ಆದುದರಿಂದ ಗಾಳಕ್ಕೆ ಜೀವಂತ ಮೀನನ್ನೇ ಸಿಕ್ಕಿಸಬೇಕಾಗುತ್ತದೆ. ಆ ಎರೆಮೀನನ್ನು ಹಿಡಿಯಲು ಬೀಸುಬಲೆ ಬೇಕು.

ಎಂಥ ಬಲೆ ಕೊಳ್ಳಬೇಕೆಂದು ಈ ಮಳೆಗಾಲದಲ್ಲಿ ಹಲವರು ನನ್ನನ್ನು ಕೇಳಿದ್ದಾರೆ. ನಾನು ಬೇಸಾಯದ ಡಿಪ್ಲೊಮಾ ಓದಿದವನು. ತೊಗರಿಯ ಬೀಜ, ಗೊಬ್ಬರದ ಲೆಕ್ಕ ಕೇಳಿದರೆ ಪುಸ್ತಕ ನೋಡದೆ ಹೇಳಿಯೇನು. ಬಲೆಯ ಪಾಠ ಮಾತ್ರ ನನಗೆ ಕೆರೆಯ ದಂಡೆಯ ಮೇಲೆಯೇ ಆಯಿತು, ಸ್ವಲ್ಪ ದಂಡ ತೆತ್ತ ಮೇಲೆ ಆಯಿತು.

ಮೊದಲು ಬಲೆಯ ಕಣ್ಣನ್ನು ನೋಡೋಣ. ಬೇರೆ ಯಾವುದು ತಪ್ಪಿದರೂ ಸುಧಾರಿಸಿಕೊಳ್ಳಬಹುದು, ಕಣ್ಣು ತಪ್ಪಿದರೆ ಕೊಟ್ಟ ದುಡ್ಡು ನೀರಿಗೆ ಹೋದಂತೆಯೇ. ನನ್ನ ಮೊದಲನೆಯ ಬಲೆಯನ್ನು ಪೇಟೆಯಲ್ಲಿ "ಒಂದು ಇಂಚಿನ ಕಣ್ಣು" ಎಂದು ಹೇಳಿ ಕೊಟ್ಟರು. ಒಂದು ಇಂಚು ಎಂದರೆ ಚಿಕ್ಕದೇ ಇರಬೇಕೆಂದು ತಂದೆ. ಬೆರಳುದ್ದದ ಮೀನುಗಳಲ್ಲಿ ಸಣ್ಣವು ಕಣ್ಣಿನೊಳಗಿಂದ ಪಾರಾದವು. ತುಸು ದೊಡ್ಡವು ತಲೆ ತೂರಿಸಿ ಕಿವಿರಿನ ಹತ್ತಿರ ಸಿಕ್ಕಿಬಿದ್ದವು. ಬಿಡಿಸಿದಾಗ ಹುರುಪೆ ಕಿತ್ತುಬಂತು, ಕಿವಿರಿನಿಂದ ನೆತ್ತರು ಒಸರಿತು. ಕೊಡದಲ್ಲಿ ಹಾಕಿದ ಹನ್ನೊಂದು ಮೀನುಗಳಲ್ಲಿ ಒಂದೂ ಮಧ್ಯಾಹ್ನದವರೆಗೆ ಬದುಕಲಿಲ್ಲ.

ತಪ್ಪು ಆದದ್ದು ಅಳತೆಯಲ್ಲಿ. ಬಲೆಯ ಕಣ್ಣನ್ನು ಎರಡು ಬಗೆಯಾಗಿ ಅಳೆಯುವ ರೂಢಿಯಿದೆ. ಒಂದು ಗಂಟಿನಿಂದ ಅದರ ಪಕ್ಕದ ಗಂಟಿನವರೆಗೆ ಅಳೆಯುವುದು ಒಂದು ಬಗೆ. ಕಣ್ಣನ್ನು ಬಿಗಿಯಾಗಿ ಎಳೆದು, ಎದುರುಬದುರಿನ ಎರಡು ಗಂಟುಗಳ ನಡುವಿನ ಉದ್ದವನ್ನು ಹಿಡಿಯುವುದು ಇನ್ನೊಂದು ಬಗೆ. ಎರಡನೆಯದು ಮೊದಲನೆಯದರ ಇಮ್ಮಡಿ. ಗಂಟಿನಿಂದ ಗಂಟಿಗೆ 8 ಮಿಲಿಮೀಟರ್ ಇರುವ ಬಲೆಯನ್ನು ಎಳೆದು ಅಳೆದರೆ 16 ಮಿಲಿಮೀಟರ್ ಆಗುತ್ತದೆ. ಬಲೆ ಅದೇ, ಹೆಸರು ಎರಡು. ಅಂಗಡಿಯವನು ಒಂದನ್ನು ಮನಸ್ಸಿನಲ್ಲಿಟ್ಟು ಹೇಳಿದರೆ ನೀವು ಇನ್ನೊಂದನ್ನು ತಿಳಿದುಕೊಳ್ಳುತ್ತೀರಿ. ಆದುದರಿಂದ ಅವನ ಮಾತಿಗೆ ಕಾಯದೆ ಚಿಕ್ಕ ಅಳತೆಪಟ್ಟಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಅದೂ ಇಲ್ಲದಿದ್ದರೆ ಶಾಲೆಯ ಹುಡುಗರ ಪೆನ್ಸಿಲ್ ಒಂದಿರಲಿ. ಎರೆಮೀನಿನ ಬಲೆಯ ಕಣ್ಣಿನಲ್ಲಿ ಪೆನ್ಸಿಲ್ ತೂರಬೇಕು, ದೊಡ್ಡವರ ಕಿರುಬೆರಳು ತೂರಬಾರದು. ಬೆರಳುದ್ದದ ಎರೆಗೆ ಗಂಟಿನಿಂದ ಗಂಟಿಗೆ 6ರಿಂದ 8 ಮಿಲಿಮೀಟರ್ ಸರಿ. ನಿಮ್ಮ ಕೆರೆಯ ಎರೆಮೀನು ಇದಕ್ಕಿಂತ ದಪ್ಪನಾದದ್ದೋ ತೆಳ್ಳನಾದದ್ದೋ ಎಂಬ ಸಂಶಯವಿದ್ದರೆ ಒಂದು ಮೀನನ್ನೇ ಕಣ್ಣಿಗೆ ಹಿಡಿದು ನೋಡಿ. ಮೂತಿ ಹೋಗಿ ಕಣ್ಣಿನ ಬಳಿ ತಡೆದರೆ ಬಲೆ ಸರಿ. ಕಿವಿರಿನ ಮುಚ್ಚಳವೂ ಒಳಗೆ ಹೋದರೆ ಆ ಬಲೆ ಅಡಿಗೆಯ ಮೀನಿಗೆ ಆದೀತು, ಎರೆಗಾಗದು.

ಹಾಗಾದರೆ ಎಲ್ಲಕ್ಕಿಂತ ಸಣ್ಣ ಕಣ್ಣಿನದನ್ನೇ ತಂದರಾಯಿತಲ್ಲ ಎನ್ನಬಹುದು. ಕಣ್ಣು ಸಣ್ಣದಾದಷ್ಟೂ ನೀರು ಬಲೆಯನ್ನು ತಡೆಹಿಡಿಯುತ್ತದೆ. ಬಲೆ ಕೊಡೆಯ ಹಾಗೆ ತೇಲುತ್ತ ನಿಧಾನವಾಗಿ ಇಳಿಯುತ್ತದೆ. ಅಷ್ಟರಲ್ಲಿ ಮೀನು ಅಂಚಿನ ಕೆಳಗಿಂದ ನುಸುಳಿ ಹೋಗಿರುತ್ತದೆ. ಸಣ್ಣ ಕಣ್ಣಿಗೆ ಸೀಸ ಹೆಚ್ಚು ಬೇಕಾಗುವುದು ಈ ಕಾರಣದಿಂದ.

ಸೀಸದ ಲೆಕ್ಕ ಕಠಿಣವಲ್ಲ. ತುದಿಯಿಂದ ಅಂಚಿನವರೆಗೆ 5 ಅಡಿ ಉದ್ದದ ಬಲೆ ಪೂರ್ತಿ ಬಿಚ್ಚಿಕೊಂಡರೆ ಅಂಚಿನ ಸುತ್ತಳತೆ ಸುಮಾರು 31 ಅಡಿಯಾಗುತ್ತದೆ. ನಾಲ್ಕು ಇಂಚಿಗೊಂದು ಸೀಸದ ಮಣಿ ಇದ್ದರೆ 93 ಮಣಿಗಳು. ಒಂದೊಂದು 25 ಗ್ರಾಂ ತೂಗಿದರೆ ಒಟ್ಟು 2 ಕಿಲೋ 325 ಗ್ರಾಂ. ಎರೆಮೀನಿನ 5 ಅಡಿ ಬಲೆಗೆ ಇಷ್ಟು ಸೀಸವಿದ್ದರೆ ಒಳ್ಳೆಯದು. ಅಗ್ಗದ ಬಲೆಗಳಲ್ಲಿ ಕೈಬಿಡುವುದು ಈ ಸೀಸವನ್ನೇ. ನೋಡಲು ಬಲೆ ದೊಡ್ಡದಾಗಿರುತ್ತದೆ, ತಕ್ಕಡಿಗೆ ಹಾಕಿದರೆ ಒಂದೂವರೆ ಕಿಲೋ ದಾಟುವುದಿಲ್ಲ. ನಾಚಿಕೊಳ್ಳದೆ ತೂಗಿಸಿಯೇ ತನ್ನಿರಿ.

ಇನ್ನು ಬಲೆಯ ಉದ್ದ. 5 ಅಡಿಯ ಬಲೆ ಚೆನ್ನಾಗಿ ಬಿಚ್ಚಿದರೆ ಸುಮಾರು 78 ಚದರ ಅಡಿ ನೀರನ್ನು ಮುಚ್ಚುತ್ತದೆ, 8 ಅಡಿಯದು 201 ಚದರ ಅಡಿ. ಈ ಲೆಕ್ಕ ಕೇಳಿದವರೆಲ್ಲ 8 ಅಡಿಯದನ್ನೇ ಬಯಸುತ್ತಾರೆ. ಆದರೆ ಹೊಸಬರ ಕೈಯಲ್ಲಿ 8 ಅಡಿಯ ಬಲೆ ಬಿಚ್ಚುವುದೇ ಇಲ್ಲ, ಹಗ್ಗದ ಉಂಡೆಯಂತೆ ನೀರಿಗೆ ಬಿದ್ದು ಮೀನನ್ನು ಹೆದರಿಸಿ ಬರುತ್ತದೆ. ದುಂಡಗೆ ಬಿದ್ದ 5 ಅಡಿ ಬಲೆ, ಬಾಳೆಕಾಯಿಯಂತೆ ಬಿದ್ದ 8 ಅಡಿ ಬಲೆಗಿಂತ ಹೆಚ್ಚು ಮೀನು ತರುತ್ತದೆ. ಎರೆಮೀನು ಇರುವುದು ದಂಡೆಯ ಹತ್ತಿರ, ಮೊಣಕಾಲಿನಿಂದ ಸೊಂಟದವರೆಗಿನ ನೀರಿನಲ್ಲಿ. ಅಲ್ಲಿಗೆ 5 ಅಡಿ ಸಾಕು, ಕೈ ಪಳಗಿದ ಮೇಲೆ 6 ಅಡಿ. ಇದಕ್ಕಿಂತ ಆಳಕ್ಕೆ ಬೀಸಿದರೆ ಅಂಚು ನೆಲ ಮುಟ್ಟುವ ಮುನ್ನವೇ ಬಲೆ ಮುಚ್ಚಿಕೊಳ್ಳಲು ತೊಡಗುತ್ತದೆ.

ಬಲೆ ದುಂಡಗೆ ಬಿಚ್ಚುವುದು ಬೀಸುವವನ ಕೈಯೊಂದರಿಂದಲೇ ಅಲ್ಲ, ಹೆಣೆದವನ ಕೈಯಿಂದಲೂ. ಒಳ್ಳೆಯ ಬಲೆಯಲ್ಲಿ ತುದಿಯಿಂದ ಕೆಳಗೆ ಬಂದಂತೆ ಕಣ್ಣುಗಳ ಸಂಖ್ಯೆಯನ್ನು ಸುತ್ತುಸುತ್ತಿಗೆ ಏರಿಸಿರುತ್ತಾರೆ. ಹಾಗೆ ಮಾಡದೆ ನೇರ ಬಲೆಯ ತುಂಡನ್ನು ಮೇಲೆ ನೆರಿಗೆ ಹಿಡಿದು ಕಟ್ಟಿದರೆ ಅದು ಚೀಲವಾಗುತ್ತದೆ, ಬೀಸುಬಲೆಯಾಗುವುದಿಲ್ಲ. ಪರೀಕ್ಷೆ ಸುಲಭ. ಅಂಗಡಿಯ ಕಟ್ಟೆಯ ಮೇಲೆ ಬಲೆಯ ತುದಿಯನ್ನು ನಡುವೆ ಇಟ್ಟು ಅಂಚನ್ನು ಸುತ್ತಲೂ ಎಳೆಯಿರಿ. ಎಲ್ಲ ಕಡೆ ಸಮನಾಗಿ ನೆಲಕ್ಕೆ ಹತ್ತಿ ಮಲಗಬೇಕು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲವಾದರೆ ಹಿಂದಕ್ಕೆ ಕೊಡಿ. ನಮ್ಮ ಭಾಗದ ಭೋಯಿ, ಕೋಳಿ, ಗಂಗಾಮತ ಮನೆಗಳಲ್ಲಿ ಬಲೆ ಹೆಣೆಯಬಲ್ಲ ಹಿರಿಯರಿದ್ದರೆ ಅವರಿಂದಲೇ ಹೆಣೆಸಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ. ದುಡ್ಡು ಸ್ವಲ್ಪ ಹೆಚ್ಚು ಬಿದ್ದರೂ ಹರಿದಾಗ ಹೊಲಿಯಲು ಕೈ ಹತ್ತಿರದಲ್ಲಿರುತ್ತದೆ.

ನೂಲಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಹಿಂದಿನವರ ಹತ್ತಿನೂಲಿನ ಬಲೆಯನ್ನು ಕೊಳೆಯದಂತೆ ಮರದ ತೊಗಟೆಯ ಕಷಾಯದಲ್ಲಿ ಅದ್ದುತ್ತಿದ್ದರು. ಈಗ ಎಲ್ಲವೂ ನೈಲಾನ್. ಒಂಟಿ ಎಳೆಯ ತಂಗುಸಿನ ಬಲೆ ಬೇಗ ಮುಳುಗುತ್ತದೆ, ಆದರೆ ಗಡುಸು. ಹುರಿ ಹಾಕಿದ ನೈಲಾನ್ ಮೆತ್ತಗಿರುತ್ತದೆ. ಗಂಟಿಲ್ಲದೆ ಹೆಣೆದ ಸಣ್ಣ ಕಣ್ಣಿನ ಬಲೆ ಸಿಕ್ಕರೆ ಎರೆಗೆ ಅದನ್ನೇ ಆರಿಸಿ. ಗಂಟು ಉಜ್ಜಿದ ಕಡೆಯಲ್ಲೆಲ್ಲ ಮೀನಿನ ಲೋಳೆ ಹೋಗುತ್ತದೆ. ಲೋಳೆ ಹೋದ ಮೀನು ಬಹಳ ಹೊತ್ತು ಬಾಳುವುದಿಲ್ಲ.

ಅಂಚಿನ ಕಟ್ಟಣೆಯಲ್ಲಿ ಎರಡು ಬಗೆಗಳಿವೆ. ಕೆಲವಕ್ಕೆ ಅಂಚನ್ನು ಒಳಕ್ಕೆ ಮಡಚಿ ಸುತ್ತಲೂ ಜೇಬು ಮಾಡಿರುತ್ತಾರೆ. ಕೆಲವಕ್ಕೆ ಅಂಚಿನಿಂದ ತುದಿಯ ಬಳೆಯವರೆಗೆ ಒಳದಾರಗಳಿರುತ್ತವೆ. ಹಗ್ಗ ಎಳೆದರೆ ಬಲೆ ಕೆಳಗಿನಿಂದ ಚೀಲದಂತೆ ಮುಚ್ಚುತ್ತದೆ. ಜೇಬಿನಲ್ಲಿ ಮೀನಿನ ಜೊತೆಗೆ ಕೆಸರೂ ಸಣ್ಣ ಕಲ್ಲೂ ತುಂಬಿಕೊಂಡು ಮೀನು ನಜ್ಜುಗುಜ್ಜಾಗುತ್ತದೆ. ಆದುದರಿಂದ ಜೀವಂತ ಎರೆಗೆ ಒಳದಾರದ ಬಲೆ ಮೇಲು. ಆದರೆ ನಿಮ್ಮ ಕೆರೆಯಂಗಳದಲ್ಲಿ ಬೇಸಿಗೆಯಲ್ಲಿ ಜಾಲಿ ಬೆಳೆದಿದ್ದು ಈಗ ಅದು ನೀರಿನಡಿ ಇದ್ದರೆ ಒಳದಾರ ಮುಳ್ಳಿಗೆ ಸಿಕ್ಕಿ ಹರಿಯುತ್ತದೆ. ಅಂಥಲ್ಲಿ ಜೇಬಿನದೇ ಇರಲಿ. ಬೇಸಿಗೆಯಲ್ಲೇ ಒಮ್ಮೆ ಕೆರೆಯಂಗಳ ತಿರುಗಿ ಮುಳ್ಳು ಎಲ್ಲಿದೆ ಎಂದು ನೋಡಿಟ್ಟುಕೊಂಡವನು ಮಳೆಗಾಲದಲ್ಲಿ ಬಲೆ ಹರಿದುಕೊಳ್ಳುವುದಿಲ್ಲ.

ಸರಿಯಾದ ಬಲೆ ತಂದ ಮೇಲೂ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. 8 ಮಿಲಿಮೀಟರಿನ ಹೊಸ ಬಲೆಯನ್ನು ಒಂದು ಮುಂಜಾನೆ ಊರ ಬದಿಯ ಕೆರೆಯಲ್ಲಿ ಬೀಸಿದೆ. ಮೊದಲ ಬೀಸಿಗೇ ನಲವತ್ತರಷ್ಟು ಬೆಳ್ಳಿಬಣ್ಣದ ಮೀನುಗಳು ಬಂದವು. ಒಂದಕ್ಕೂ ಗಾಯವಿಲ್ಲ. ಹಿಗ್ಗಿ ಕೊಡಕ್ಕೆ ಸುರಿಯುತ್ತಿದ್ದಾಗ ದಂಡೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಕರೆದರು.

"ಸಾಹೇಬ್ರ, ಒಂದು ಮೀನು ಕೈಯಾಗ ಹಿಡ್ಕೊಂಡು ಬೆನ್ನ ನೋಡ್ರಿ."

"ಏನು ಕಾಕಾ, ಎರೆಮೀನು ತಾನೇ?"

"ಎರೆ ಅಲ್ರಿ. ಮೂರು ವಾರದ ಹಿಂದ ನೀವೇ ನಿಂತು ಕೆರಿಗಿ ಬಿಡಿಸಿದ ಮರಿ ಅವು."

ನಿಜವಾಗಿತ್ತು. ಸಂಘದವರು ದುಡ್ಡು ಕೊಟ್ಟು ತಂದ ಕಾಟ್ಲಾ, ರೋಹು ಮರಿಗಳು. ಚೀಲಗಳನ್ನು ಹೊರಲು ನಾನೂ ಕೈ ಹಚ್ಚಿದ್ದೆ. ಆ ದಿನ ಕೊಡವನ್ನು ನೀರಿನಲ್ಲೇ ಮುಳುಗಿಸಿ ಅವನ್ನು ಬಿಟ್ಟೆ. ಎರಡು ಮೂರು ಮರಿಗಳು ಹೊಟ್ಟೆ ಮೇಲಾಗಿ ತೇಲಿದವು. ಕಾಕಾ ಬೇರೇನೂ ಹೇಳಲಿಲ್ಲ.

ಆ ಮರಿಗಳ ಬೆಲೆ ತಿಳಿಯಬೇಕಾದರೆ ಒಂದು ಸಂಗತಿ ಗೊತ್ತಿರಬೇಕು. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಹೊಳೆಯ ಮಹಾಪೂರದಲ್ಲಿ ಮೊಟ್ಟೆಯಿಡುವ ಜಾತಿಗಳು. ನಿಂತ ನೀರಿನ ಕೆರೆಯಲ್ಲಿ ಅವು ತಾವಾಗಿ ಮರಿ ಮಾಡುವುದಿಲ್ಲ. ಹಿಂದೆ ಮರಿಗಳನ್ನು ಹೊಳೆಗಳಿಂದಲೇ ಹಿಡಿದು ತರಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಡಾಕ್ಟರ್ ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಗಾರರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಜುಲೈ 10ನ್ನು ದೇಶದಲ್ಲಿ ಮೀನು ಕೃಷಿಕರ ದಿನವೆಂದು ಆಚರಿಸುವುದು ಇದರಿಂದಲೇ. ಈಗ ಮರಿ ಸಿಗುತ್ತದೆ, ಆದರೆ ಪ್ರತಿಯೊಂದೂ ಕೊಂಡು ತಂದದ್ದು. ನೀರೂ ಮೇವೂ ಚೆನ್ನಾಗಿದ್ದರೆ ಒಂದು ಮರಿ ವರ್ಷದಲ್ಲಿ ಮುಕ್ಕಾಲರಿಂದ ಒಂದು ಕಿಲೋ ತೂಗುತ್ತದೆ. ನನ್ನ ಕೊಡದಲ್ಲಿದ್ದದ್ದು ಎಷ್ಟು ಕಿಲೋ ಮೀನು ಎಂದು ನೀವೇ ಎಣಿಸಿ.

ಎರೆಗೆ ತಕ್ಕ ಕಣ್ಣಿನ ಬಲೆ ಮರಿಯನ್ನೂ ಹಿಡಿಯುತ್ತದೆ. ಎರಡನ್ನೂ ಬೇರ್ಪಡಿಸುವ ಬಲೆಯನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ಅದನ್ನು ಕಣ್ಣಿನಿಂದ ನೋಡಿ ಕೈಯಿಂದಲೇ ಮಾಡಬೇಕು. ಕಾಕಾ ತೋರಿಸಿದ ಗುರುತು ಇದು: ಕಾಟ್ಲಾ, ರೋಹು, ಮೃಗಾಲ್ ಮರಿಗಳ ಬೆನ್ನಿನ ರೆಕ್ಕೆಯ ಬುಡ ಉದ್ದ, ರೆಕ್ಕೆ ಮೆತ್ತಗೆ. ಕಾಟ್ಲಾದ ತಲೆ ಮೈಗಿಂತ ದೊಡ್ಡದೋ ಎನ್ನುವಂತಿದ್ದು ಬಾಯಿ ಮೇಲ್ಮುಖವಾಗಿರುತ್ತದೆ. ನಮ್ಮ ಸಾಮಾನ್ಯ ಎರೆಮೀನಾದ ಪಕ್ಕೆಗೆ ಬೆನ್ನಿನ ರೆಕ್ಕೆ ಬುಡದಲ್ಲಿ ಗಿಡ್ಡ. ಚೂರಿಯಲಗಿನಂಥ ಹೊಟ್ಟೆಯ ತೆಳು ಬೆಳ್ಳಿಮೀನಿಗೆ ಅದು ಬಾಲದ ಕಡೆಗೆ ಸರಿದಿರುತ್ತದೆ. 1952ರಲ್ಲಿ ನಮ್ಮ ದೇಶಕ್ಕೆ ತಂದ ತಿಲಾಪಿಯಾಕ್ಕೂ, ಅಂದರೆ ಜಿಲೇಬಿ ಮೀನಿಗೂ, ಬೆನ್ನಿನ ರೆಕ್ಕೆ ಉದ್ದವೇ. ಆದರೆ ಅದರ ಮುಂಭಾಗ ಮುಳ್ಳುಮುಳ್ಳು, ಬೆರಳಿಗೆ ಚುಚ್ಚುತ್ತದೆ. ನಿಮ್ಮ ಕೆರೆಯಲ್ಲಿ ತಿಲಾಪಿಯಾ ಇದ್ದರೆ ಎರೆಗೆ ಅದರ ಮರಿಗಳನ್ನೇ ತೆಗೆಯಿರಿ. ಅದು ಕೆರೆಯಲ್ಲಿ ತಾನಾಗಿ ಹೆಚ್ಚುವ ಮೀನು, ಬಿತ್ತಿದ ಮರಿಗಳ ಮೇವಿಗೂ ಪಾಲುಗಾರ. ಆದರೆ ಉಳಿದ ಎರೆಯನ್ನು ಬೇರೊಂದು ಕೆರೆಗೆ ಸುರಿಯಬೇಡಿ, ಅಲ್ಲಿಲ್ಲದ ಮೀನನ್ನು ನೀವೇ ಬಿತ್ತಿದಂತಾಗುತ್ತದೆ.

ಮರಿ ಬಿಟ್ಟ ಮೇಲೆ ಎರಡು ಮೂರು ತಿಂಗಳು ಆ ಕೆರೆಯಲ್ಲಿ ಸಣ್ಣ ಕಣ್ಣಿನ ಬಲೆ ಬೀಸದಿರುವುದೇ ಸರಿ. ಎರೆಯನ್ನು ಹಳ್ಳದ ಗುಂಡಿಗಳಲ್ಲಿ ಹಿಡಿಯಿರಿ. ಕೆರೆ ಗುತ್ತಿಗೆಯದಾದರೆ ಸಂಘದವರ ಒಪ್ಪಿಗೆ ಬೇಕು. ಮಾಂಜ್ರಾ ಹೊಳೆಗಾಗಲಿ ಕಾರಂಜಾ ಜಲಾಶಯಕ್ಕಾಗಲಿ ಹೋಗುವವರು ಪರವಾನಗಿ ಮತ್ತು ಬಲೆಕಣ್ಣಿನ ನಿಯಮಗಳನ್ನು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಂಡು ಹೋಗಬೇಕು. ಒಳನಾಡು ಮೀನುಗಾರಿಕೆಗೆ ನಮ್ಮ ರಾಜ್ಯದಲ್ಲಿ 1996ರ ಕಾಯಿದೆಯಿದೆ. ಇನ್ನೊಂದು ಮಾತು. ಮಳೆಗಾಲದಲ್ಲಿ ದಂಡೆಯ ಹತ್ತಿರ ಕೆಂಪಗೆ ಮೋಡದಂತೆ ಗುಂಪುಗೂಡಿ ತಿರುಗುವ ಪುಟ್ಟ ಮರಿಗಳನ್ನು ನೋಡಿದ್ದೀರಷ್ಟೆ. ಅವು ಕೊರಮೀನಿನ ಮರಿಗಳು. ತಂದೆತಾಯಿ ಮೀನುಗಳು ಕೆಳಗೇ ಕಾವಲಿರುತ್ತವೆ. ಆ ಗುಂಪಿನ ಮೇಲೆ ಬಲೆಯನ್ನೂ ಬೀಸಬೇಡಿ, ಅದರ ಬಳಿ ಗಾಳವನ್ನೂ ಇಳಿಬಿಡಬೇಡಿ. ಕಾವಲಿನ ಮೀನು ಹೋದರೆ ಮರಿಗಳು ಬೇರೆ ಮೀನುಗಳ ಹೊಟ್ಟೆ ಸೇರುತ್ತವೆ.

ಬೀಸುವಾಗ ಅಂಚಿನ ಸೀಸವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ರೂಢಿ ಅನೇಕರಿಗಿದೆ. ಸೀಸ ವಿಷ. ಸೀಸದ ಬದಲು ಮೇಲಿನ ಬಲೆಯನ್ನು ಮೊಣಕೈಗೆ ಹಾಕಿಕೊಳ್ಳುವುದನ್ನು ಕಲಿಯಿರಿ, ಮಕ್ಕಳಿಗಂತೂ ಕಚ್ಚಲು ಬಿಡಲೇಬೇಡಿ. ಹಗ್ಗವನ್ನು ಮುಂಗೈಗೆ ಬಿಗಿಯಾಗಿ ಗಂಟು ಹಾಕಬೇಡಿ. ಬಲೆ ಮುಳ್ಳಿಗೆ ಸಿಕ್ಕು ಕಾಲು ಜಾರಿದರೆ ಕೈ ಬಿಡಿಸಿಕೊಳ್ಳಲು ಬರುವಂತಿರಬೇಕು. ಮಣ್ಣು ತೆಗೆದ ಗುಂಡಿಗಳಿರುವ ಕೆರೆಯಲ್ಲಿ ಒಬ್ಬರೇ ಇಳಿಯಬೇಡಿ.

ಹಿಡಿದ ಎರೆಯನ್ನು ಬಾಯಿ ಅಗಲವಾದ ಪಾತ್ರೆಯಲ್ಲಿ, ಅದೇ ಕೆರೆಯ ನೀರಿನಲ್ಲಿ, ನೆರಳಿನಲ್ಲಿಡಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಪ್ರಾಣವಾಯು ಕಡಿಮೆಯಾಗುತ್ತದೆ. ಒಂದು ಬಕೆಟ್ಟಿಗೆ ಹತ್ತು ಹನ್ನೆರಡು ಮೀನು ಸಾಕು, ಅರ್ಧ ಗಂಟೆಗೊಮ್ಮೆ ಸ್ವಲ್ಪ ನೀರು ಬದಲಿಸಿ. ಬಲೆಯನ್ನು ಒಳ್ಳೆಯ ನೀರಿನಲ್ಲಿ ಜಾಲಾಡಿ ನೆರಳಿನಲ್ಲಿ ತೂಗುಹಾಕಿ. ಬಿಸಿಲಿಗೆ ನೈಲಾನ್ ಬಲ ಕಳೆದುಕೊಳ್ಳುತ್ತದೆ. ದವಸದ ಕೋಣೆಯಲ್ಲಿ ಮಾತ್ರ ಇಡಬೇಡಿ. ನನ್ನ ಎರಡನೆಯ ಬಲೆಯನ್ನು ಇಲಿ ತಿಂದದ್ದು ಅಲ್ಲಿಯೇ.