ನಾಲ್ಕು ಚಕ್ರ, ಒಂದೇ ಪರಿಧಿ: ಆಲ್ ವೀಲ್ ಡ್ರೈವ್ ಕಾರಿನ ಟೈರ್ ಲೆಕ್ಕ



ಕಳೆದ ಮಳೆಗಾಲದಲ್ಲಿ ನನ್ನ ಭಾವನ ಕಾರಿನ ಒಂದು ಟೈರಿನ ಪಕ್ಕಕ್ಕೆ ಚಾರ್ಮಾಡಿ ಘಾಟಿಯಲ್ಲಿ ಕಲ್ಲು ಬಡಿದು ಸೀಳು ಬಿತ್ತು. ಪಕ್ಕದಲ್ಲಿ ಸೀಳಿದ ಟೈರಿಗೆ ಪಂಕ್ಚರ್ ಹಾಕಿ ಓಡಿಸುವಂತಿಲ್ಲ, ಬದಲಿಸಲೇಬೇಕು. ಅಂಗಡಿಯವರು, "ಉಳಿದ ಮೂರರಲ್ಲಿ ಇನ್ನೂ ಅರ್ಧ ಗ್ರಿಪ್ ಇದೆ, ಒಂದು ಹೊಸದು ಹಾಕಿದರೆ ಸಾಕು" ಎಂದರಂತೆ. ಭಾವ ನನಗೆ ಫೋನ್ ಮಾಡಿ, "ನೀನು ಫಿಸಿಕ್ಸ್ ಮೇಷ್ಟ್ರಲ್ವಾ, ಒಂದು ಸಾಕಾ ಹೇಳು" ಎಂದರು.

ಸಾಮಾನ್ಯ ಕಾರಾಗಿದ್ದರೆ ಉತ್ತರ ಸುಲಭವಿತ್ತು. ಅವರದು ಆಲ್ ವೀಲ್ ಡ್ರೈವ್, ಅಂದರೆ ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಗಳಿಗೆ ಹೋಗುವ ಕಾರು. ಅಲ್ಲಿ ಉತ್ತರ ಹೇಳಲು ಲೆಕ್ಕ ಹಾಕಬೇಕು. ಆ ಲೆಕ್ಕಕ್ಕೆ ನೀವು ಹೈಸ್ಕೂಲಿನಲ್ಲಿ ಕಲಿತ 2πr ಸಾಕು.

ಟೈರಿನ ಮೇಲಿನ ಬರಹ

ಭಾವನ ಕಾರಿನ ಟೈರಿನ ಮೇಲೆ 215/60 ಆರ್17 96ಎಚ್ ಎಂದು ಬರೆದಿದೆ. 215 ಎಂದರೆ ಟೈರಿನ ಅಗಲ, ಮಿ.ಮೀ.ಗಳಲ್ಲಿ. 60 ಎಂದರೆ ಪಕ್ಕದ ಎತ್ತರ ಅಗಲದ ಶೇ. 60, ಅಂದರೆ 129 ಮಿ.ಮೀ. ಆರ್ ಎಂದರೆ ರೇಡಿಯಲ್. 17 ಎಂದರೆ ಒಳಗಿನ ರಿಮ್ಮಿನ ವ್ಯಾಸ 17 ಇಂಚು, ಅಂದರೆ 431.8 ಮಿ.ಮೀ. 96 ಎಂಬುದು ಭಾರದ ಸೂಚಿ: ಒಂದು ಟೈರ್ 710 ಕೆ.ಜಿ. ಹೊರಬಲ್ಲದು. ಎಚ್ ಎಂಬುದು ವೇಗದ ಸೂಚಿ: ಗಂಟೆಗೆ 210 ಕಿ.ಮೀ. ಮಿತಿ.

ಈಗ ವ್ಯಾಸ: 431.8 + 129 + 129 = 689.8 ಮಿ.ಮೀ. ಇದನ್ನು πಯಿಂದ ಗುಣಿಸಿದರೆ ಪರಿಧಿ ಸುಮಾರು 2167 ಮಿ.ಮೀ. ಚಕ್ರ ಒಂದು ಸುತ್ತು ತಿರುಗಿದರೆ ಕಾರು ಅಷ್ಟು ದೂರ ಸಾಗುತ್ತದೆ.

ಸವೆತ ಎಷ್ಟು ವ್ಯತ್ಯಾಸ ತರುತ್ತದೆ?

ಹೊಸ ಟೈರಿನ ಗೀರುಗಳ ಆಳ ಸುಮಾರು 8 ಮಿ.ಮೀ. ಇರುತ್ತದೆ. ಭಾವನ ಹಳೆಯ ಮೂರು ಟೈರುಗಳಲ್ಲಿ ಉಳಿದಿದ್ದದ್ದು 4 ಮಿ.ಮೀ. ಅಂದರೆ ತ್ರಿಜ್ಯದಲ್ಲಿ 4 ಮಿ.ಮೀ. ವ್ಯತ್ಯಾಸ. ಪರಿಧಿಯ ವ್ಯತ್ಯಾಸ 2π × 4, ಅಂದರೆ ಸುಮಾರು 25 ಮಿ.ಮೀ. ಗಮನಿಸಿ, ಈ 25 ಮಿ.ಮೀ. ಟೈರ್ ದೊಡ್ಡದೋ ಚಿಕ್ಕದೋ ಎಂಬುದನ್ನು ಅವಲಂಬಿಸಿಲ್ಲ.

ಒಂದು ಕಿಲೋಮೀಟರಿಗೆ ಹೊಸ ಟೈರ್ 461.5 ಸುತ್ತು ತಿರುಗಿದರೆ, ಹಳೆಯದು 466.9 ಸುತ್ತು ತಿರುಗಬೇಕು. ವ್ಯತ್ಯಾಸ ಸುಮಾರು ಐದೂವರೆ ಸುತ್ತು. ಕಾರಿನ ಭಾರಕ್ಕೆ ಟೈರ್ ತುಸು ಚಪ್ಪಟೆಯಾಗುವುದರಿಂದ ರಸ್ತೆಯ ಮೇಲಿನ ಸಂಖ್ಯೆ ಸ್ವಲ್ಪ ಬೇರೆಯಾಗುತ್ತದೆ, ಆದರೆ ಸಣ್ಣ ಟೈರ್ ಹೆಚ್ಚು ಸುತ್ತಬೇಕೆಂಬುದು ಬದಲಾಗುವುದಿಲ್ಲ.

ಇದರಿಂದ ತೊಂದರೆ ಏನು?

ಗಣರಾಜ್ಯೋತ್ಸವದ ಪಥಸಂಚಲನ ನೆನಪಿಸಿಕೊಳ್ಳಿ. ಸಾಲು ತಿರುಗುವಾಗ ಒಳಗಿನವನು ಸಣ್ಣ ಹೆಜ್ಜೆ, ಹೊರಗಿನವನು ದೊಡ್ಡ ಹೆಜ್ಜೆ ಹಾಕುತ್ತಾನೆ. ಕಾರು ತಿರುಗುವಾಗಲೂ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು. ಇದಕ್ಕೆ ಅವಕಾಶ ಕೊಡುವ ಗೇರುಗಳ ಜೋಡಣೆಯೇ ಡಿಫರೆನ್ಷಿಯಲ್.

ಆಲ್ ವೀಲ್ ಡ್ರೈವ್ ಕಾರಿನಲ್ಲಿ ಎಡ-ಬಲಗಳ ನಡುವೆ ಮಾತ್ರವಲ್ಲ, ಮುಂದು-ಹಿಂದುಗಳ ನಡುವೆಯೂ ಇಂಥ ಅವಕಾಶ ಬೇಕು. ಕೆಲವು ಕಾರುಗಳಲ್ಲಿ ನಡುವೆ ಇನ್ನೊಂದು ಡಿಫರೆನ್ಷಿಯಲ್ ಇರುತ್ತದೆ. ಇನ್ನು ಹಲವು ಕಾರುಗಳಲ್ಲಿ ಎಣ್ಣೆಯಲ್ಲಿ ಮುಳುಗಿದ, ಹಲವು ತಟ್ಟೆಗಳ ಕ್ಲಚ್ ಇರುತ್ತದೆ. ಮುಂದಿನ ಚಕ್ರ ಜಾರಿದಾಗ ಅದು ಬಿಗಿಯಾಗಿ ಹಿಂದಿನ ಚಕ್ರಗಳಿಗೆ ಶಕ್ತಿ ಕಳಿಸುತ್ತದೆ. ತಿರುವಿನಲ್ಲಿ, ಕೆಸರಿನಲ್ಲಿ, ಸ್ವಲ್ಪ ಹೊತ್ತು ದುಡಿಯಲೆಂದು ಇದನ್ನು ಮಾಡಿದ್ದಾರೆ. ಟೈರುಗಳ ಪರಿಧಿ ಬೇರೆಬೇರೆಯಾದರೆ ನೇರ ರಸ್ತೆಯಲ್ಲೂ ಇದಕ್ಕೆ ಬಿಡುವಿಲ್ಲ. ತಟ್ಟೆಗಳು ಉಜ್ಜಿಕೊಳ್ಳುತ್ತವೆ, ಎಣ್ಣೆ ಬಿಸಿಯಾಗುತ್ತದೆ, ಸವೆತ ಹೆಚ್ಚುತ್ತದೆ. ಚಕ್ರದ ವೇಗ ಅಳೆಯುವ ಸೆನ್ಸರುಗಳು ಈ ವ್ಯತ್ಯಾಸವನ್ನೇ ಜಾರಿಕೆ ಎಂದು ತಪ್ಪು ತಿಳಿಯಲೂಬಹುದು.

"ಹಾಗಾದರೆ ಜೋಡಿ ಹಾಕಿಸುತ್ತೇನೆ, ಹಿಂದಿನ ಎರಡೂ ಹೊಸದು" ಎಂದರು ಭಾವ. ಇಲ್ಲಿಯೇ ಹಲವರು ಎಡವುವುದು. ಒಂದೇ ಹೊಸ ಟೈರ್ ಹಾಕಿದರೆ ಆ ಅಚ್ಚಿನ ಸರಾಸರಿ ವೇಗ ಬದಲಾಗುವುದು ವ್ಯತ್ಯಾಸದ ಅರ್ಧದಷ್ಟು, ಅಂದರೆ ಕಿಲೋಮೀಟರಿಗೆ 2.7 ಸುತ್ತು, ಜೊತೆಗೆ ಆ ಅಚ್ಚಿನ ಡಿಫರೆನ್ಷಿಯಲ್ ಸದಾ ದುಡಿಯುತ್ತದೆ. ಜೋಡಿ ಹಾಕಿದರೆ ಮುಂದು-ಹಿಂದುಗಳ ನಡುವೆ ಪೂರ್ತಿ 5.4 ಸುತ್ತಿನ ವ್ಯತ್ಯಾಸ ಬರುತ್ತದೆ. ಸುಮಾರು 350 ಕಿ.ಮೀ. ದೂರದ ಮಂಗಳೂರು-ಬೆಂಗಳೂರು ಪ್ರಯಾಣ ಒಮ್ಮೆ ಮಾಡಿದರೆ ಅದು 1,900 ಸುತ್ತು. ಎರಡು ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವ ಕಾರಿಗೆ ಜೋಡಿ ಬದಲಿಸುವುದು ಒಳ್ಳೆಯ ಸಲಹೆ; ಅದೇ ಸಲಹೆ ಇಲ್ಲಿ ನಡುವಿನ ಕ್ಲಚ್ಚಿಗೆ ಹೆಚ್ಚು ಭಾರವಾಗುತ್ತದೆ.

ಎಷ್ಟು ವ್ಯತ್ಯಾಸ ನಡೆಯುತ್ತದೆ?

ಇದು ಕಂಪನಿಯಿಂದ ಕಂಪನಿಗೆ ಬೇರೆ. ಜಪಾನಿನ ಸುಬಾರು ಕಂಪನಿಯ ಕಾರುಗಳಿಗೆ ಹೇಳುವ ಮಿತಿ ಪರಿಧಿಯಲ್ಲಿ ಕಾಲು ಇಂಚು, ಅಂದರೆ 6.4 ಮಿ.ಮೀ. ಅದನ್ನು 2πಯಿಂದ ಭಾಗಿಸಿ ನೋಡಿ: ಗೀರಿನ ಆಳದಲ್ಲಿ ಕೇವಲ 1 ಮಿ.ಮೀ.! ನಿಮ್ಮ ಮನೆಯ ಕಾರಿನ ಮಿತಿ ಅದರ ಕೈಪಿಡಿಯಲ್ಲಿ ನೋಡಬೇಕು.

ಹಾಗಾಗಿ ಆಯ್ಕೆಯ ಕ್ರಮ ಹೀಗಿರಲಿ:

1. ಮೊದಲು ಉಳಿದ ಟೈರುಗಳ ಆಳ ಅಳೆಯಿರಿ. ವ್ಯತ್ಯಾಸ ಮಿತಿಯೊಳಗಿದ್ದರೆ ಅದೇ ಕಂಪನಿಯ, ಅದೇ ಮಾದರಿಯ, ಅದೇ ಅಳತೆಯ ಒಂದು ಟೈರ್ ಸಾಕು. ಮಿತಿ ಮೀರಿದ್ದರೆ ನಾಲ್ಕೂ ಬದಲಿಸಿ.
2. ಅಳತೆ ಒಂದೇ ಆದರೂ ಕಂಪನಿ ಬೇರೆಯಾದರೆ ನಿಜವಾದ ಪರಿಧಿ ಬೇರೆಯಾಗಬಹುದು. ಬೆರೆಸಬೇಡಿ.
3. ಭಾರದ ಸೂಚಿ, ವೇಗದ ಸೂಚಿ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು.
4. ತಯಾರಿಯ ದಿನಾಂಕ ನೋಡಿ. ಪಕ್ಕದಲ್ಲಿ 2324 ಎಂದಿದ್ದರೆ 2024ರ 23ನೇ ವಾರ ಎಂದರ್ಥ.
5. ಕೈಪಿಡಿ ಹೇಳಿದಷ್ಟು ಕಿ.ಮೀ.ಗೊಮ್ಮೆ ಟೈರುಗಳ ಜಾಗ ಅದಲುಬದಲು ಮಾಡಿಸಿ. ನಾಲ್ಕೂ ಸಮನಾಗಿ ಸವೆಯುತ್ತವೆ. ಗಾಳಿಯನ್ನು ಟೈರ್ ತಣ್ಣಗಿರುವಾಗ ನೋಡಿ.
6. ಸ್ಟೆಪ್ನಿ ಚಿಕ್ಕ ಅಳತೆಯದಾದರೆ ಹತ್ತಿರದ ಅಂಗಡಿ ತಲುಪುವಷ್ಟಕ್ಕೆ ಮಾತ್ರ ಬಳಸಿ.

ಬ್ರೇಕಿಗೆ ನಾಲ್ಕು ಚಕ್ರದ ಶಕ್ತಿ ಸಿಗದು

"ನಮ್ಮದು ಆಲ್ ವೀಲ್ ಡ್ರೈವ್, ಮಳೆಯಲ್ಲೂ ಜಾರುವುದಿಲ್ಲ" ಎನ್ನುವವರಿದ್ದಾರೆ. ಮುಂದಕ್ಕೆ ಹೊರಡಲು ಅದು ನೆರವಾಗುತ್ತದೆ, ನಿಲ್ಲಿಸಲು ಅಲ್ಲ. ಎಲ್ಲ ಕಾರುಗಳಿಗೂ ಬ್ರೇಕ್ ಇರುವುದು ನಾಲ್ಕೂ ಚಕ್ರಕ್ಕೆ. ನಿಲ್ಲುವ ದೂರ v²/2μg. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್. ಘರ್ಷಣೆಯ ಗುಣಾಂಕ 0.7 ಇದ್ದರೆ ಸುಮಾರು 20 ಮೀಟರಿನಲ್ಲಿ ನಿಲ್ಲುತ್ತದೆ. ಒದ್ದೆ ರಸ್ತೆಯಲ್ಲಿ ಅದು 0.4ಕ್ಕೆ ಇಳಿದರೆ 35 ಮೀಟರ್ ಬೇಕು. ನೀರನ್ನು ಹೊರತಳ್ಳುವುದು ಟೈರಿನ ಗೀರುಗಳೇ. ಗೀರಿನೊಳಗೆ ಸಣ್ಣ ಉಬ್ಬುಗಳಿರುತ್ತವೆ. ಟೈರ್ ಅವುಗಳ ಮಟ್ಟಕ್ಕೆ ಸವೆದರೆ ಉಳಿದಿರುವುದು 1.6 ಮಿ.ಮೀ., ಬದಲಿಸಲೇಬೇಕು. ನಮ್ಮ ಕರಾವಳಿಯ ಮಳೆಗೆ ಅಲ್ಲಿಯವರೆಗೂ ಕಾಯದಿರುವುದು ಒಳ್ಳೆಯದು.

ಭಾವ ಕೈಪಿಡಿ ತೆರೆದು ನೋಡಿದರು, ಗೊಣಗುತ್ತಲೇ ನಾಲ್ಕೂ ಬದಲಿಸಿದರು. ದೊಡ್ಡ ಖರ್ಚೇ. ಆದರೆ ಅಕ್ಕ, ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುವ ಕಾರು ಅದು.

ನೀವೇ ಮಾಡಿ ನೋಡಿ

1. ನಮ್ಮ ಲ್ಯಾಬಿನ ವರ್ನಿಯರ್ ಕ್ಯಾಲಿಪರ್ಸ್‌ನ ಹಿಂಬದಿಯ ತೆಳ್ಳನೆಯ ಕಡ್ಡಿ ಆಳ ಅಳೆಯಲೆಂದೇ ಇದೆ. ನಿಂತ ವಾಹನವೊಂದರ ಟೈರಿನ ಒಳಬದಿ, ನಡು, ಹೊರಬದಿಯ ಆಳ ಅಳೆಯಿರಿ. ನಡು ಹೆಚ್ಚು ಸವೆದಿದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ.
2. 235/60 ಆರ್18 ಟೈರಿನ ವ್ಯಾಸ, ಪರಿಧಿ ಕಂಡುಹಿಡಿಯಿರಿ. (ಉತ್ತರ: 739.2 ಮಿ.ಮೀ., ಸುಮಾರು 2322 ಮಿ.ಮೀ.)
3. ಪರಿಧಿಯ ವ್ಯತ್ಯಾಸ ಮೂಲ ತ್ರಿಜ್ಯವನ್ನು ಅವಲಂಬಿಸಿಲ್ಲ ಎಂದು ಸಾಧಿಸಿ. ಸಾಧಿಸಿದವರು ಸ್ಟಾಫ್ ರೂಮಿಗೆ ಬಂದು ತೋರಿಸಿ.